ದೊಡ್ಡ ಜವಾಬ್ದಾರಿ ಬಂದಿದೆ, ಒಪ್ಪಿಕೊಳ್ಳಲಾ?

ಪ್ರಶ್ನೆ: ನಾನು ಯಂತ್ರದ ಬಿಡಿಭಾಗ ಮಾರುವ ಕಂಪನಿಯೊಂದರ ಗೋಡೌನ್‌ನಲ್ಲಿ ಸ್ಟಾಕ್ ಲೆಕ್ಕ ನೋಡಿಕೊಳ್ಳುತ್ತೇನೆ. ಸೇರಿ ನಾಲ್ಕು ವರ್ಷ ಆಯ್ತು. ಈಗ ಕಂಪನಿ ಹಳೇ ಸಾಫ್ಟ್‌ವೇರ್ ಬಿಟ್ಟು ಹೊಸದಕ್ಕೆ ಹೋಗುತ್ತಿದೆ. ನಮ್ಮ ಗೋಡೌನ್ ಮಟ್ಟಿಗೆ ಪೂರ್ತಿ ಜವಾಬ್ದಾರಿ ನೀನೇ ತಗೋ ಅಂತ ಮ್ಯಾನೇಜರ್ ಹೇಳಿದ್ದಾರೆ. ಆರು ತಿಂಗಳು ಟೈಮ್. ಇಂಥ ಕೆಲಸ ನಾನು ಯಾವತ್ತೂ ಮಾಡಿಲ್ಲ. 'ನೀರಿಗೆ ಬಿದ್ದರೆ ಈಜು ತಾನಾಗೇ ಬರುತ್ತೆ' ಅನ್ನುತ್ತಾರೆ ಅವರು. ಕಲಿಕೆಯಲ್ಲಿ ಶೇ. 70 ಭಾಗ ಕೆಲಸದಿಂದಲೇ ಬರೋದು, ಕೋರ್ಸ್‌ನಿಂದ ಬರೀ ಶೇ. 10 ಅಂತ ಎಚ್‌ಆರ್‌ನವರೂ ಹೇಳುತ್ತಾರೆ. ನಾನು ಮಾಡಿದ ಕೋರ್ಸ್‌ಗಳು ತಲೆಯಲ್ಲಿ ಉಳಿದಿಲ್ಲ ಅನ್ನೋದೂ ನಿಜ. ಒಪ್ಪಿಕೊಂಡು ಕೆಟ್ಟರೆ ಹೆಸರು ಹೋಗುತ್ತೆ. ಬೇಡ ಅಂದರೆ ಅವಕಾಶ ಹೋಗುತ್ತೆ. ಏನು ಮಾಡಲಿ?

ಉತ್ತರ: ಒಪ್ಪಿಕೊಳ್ಳಿ. ಆದರೆ ಹೂಂ ಅನ್ನುವ ಮೊದಲು ಮ್ಯಾನೇಜರ್ ಹತ್ತಿರ ಕೂತು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ನೀವು ಮಾಡಿದ ಕೆಲಸ ಸರಿಯಾಯ್ತಾ, ತಪ್ಪಾಯ್ತಾ ಅಂತ ನಿಮಗೆ ಬೇಗ ಗೊತ್ತಾಗುತ್ತಾ? ಗೊತ್ತಾದರೆ ಈ ಆರು ತಿಂಗಳು ನಿಮ್ಮ ನಾಲ್ಕು ವರ್ಷಕ್ಕಿಂತ ಜಾಸ್ತಿ ಕಲಿಸಬಹುದು. ಗೊತ್ತಾಗದಿದ್ದರೆ ಕೆಲಸ ಹೇಗೋ ಮುಗಿಯುತ್ತದೆ, ನೀವು ಸುಸ್ತಾಗಿರುತ್ತೀರಿ, ಏನು ಕಲಿತಿರಿ ಅಂತ ಯಾರಾದರೂ ಕೇಳಿದರೆ ಹೇಳೋದಕ್ಕೆ ಏನೂ ಇರುವುದಿಲ್ಲ. ಕೆಲಸದ ಜಾಗದಲ್ಲಿ ಜನ ಹೇಗೆ ಕಲಿಯುತ್ತಾರೆ ಅನ್ನುವುದನ್ನು ನೋಡುವುದೇ ನನ್ನ ವೃತ್ತಿ. ಒಂದೇ ತರಹದ ಕಷ್ಟದ ಕೆಲಸದಿಂದ ಒಬ್ಬರು ಮಾಗಿ ಬಂದದ್ದನ್ನೂ ನೋಡಿದ್ದೇನೆ, ಇನ್ನೊಬ್ಬರು ಬರೀ ನೊಂದು ಬಂದದ್ದನ್ನೂ ನೋಡಿದ್ದೇನೆ. ಇಬ್ಬರ ನಡುವಿನ ವ್ಯತ್ಯಾಸ ಜಾಣತನದ್ದಲ್ಲ. ಹೆಚ್ಚಿನ ಸಲ ಅದು ಈ ಒಂದು ವಿಷಯದ್ದೇ.

ಮೊದಲು ಆ ಶೇ. 70ರ ಮಾತು ನೋಡೋಣ, ಯಾಕೆಂದರೆ ಅದನ್ನು ಹೇಳಿಯೇ ಎಷ್ಟೋ ಜನರನ್ನು ನೀರಿಗೆ ತಳ್ಳುತ್ತಾರೆ. ಅದರ ಬೇರು 1980ರ ದಶಕದಲ್ಲಿದೆ. ಅಮೆರಿಕದ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಸಂಸ್ಥೆಯಲ್ಲಿ ಮಾರ್ಗನ್ ಮೆಕಾಲ್, ಮೈಕೆಲ್ ಲೊಂಬಾರ್ಡೊ, ಆನ್ ಮಾರಿಸನ್ ಅನ್ನುವ ಸಂಶೋಧಕರಿದ್ದರು. ಅವರು ದೊಡ್ಡ ಕಂಪನಿಗಳಲ್ಲಿ ಮೇಲೆ ಬಂದ ಅಧಿಕಾರಿಗಳನ್ನು ಮಾತಾಡಿಸಿದರು. ನಿಮ್ಮನ್ನು ಬದಲಾಯಿಸಿದ ಘಟನೆಗಳು ಯಾವುವು, ಅದರಿಂದ ಏನು ಕಲಿತಿರಿ ಅಂತ ಕೇಳಿದರು. ಹೆಚ್ಚಿನವರು ನೆನೆಸಿಕೊಂಡದ್ದು ಕಷ್ಟದ ಕೆಲಸಗಳನ್ನು: ಸೊನ್ನೆಯಿಂದ ಕಟ್ಟಿದ್ದು, ಮುಳುಗುತ್ತಿದ್ದ ವಿಭಾಗವನ್ನು ಎತ್ತಿದ್ದು, ಅಭ್ಯಾಸವಿಲ್ಲದ ಜವಾಬ್ದಾರಿ ಹೊತ್ತದ್ದು. ಆಮೇಲೆ ಮೇಲಧಿಕಾರಿಗಳನ್ನು ನೆನೆದರು. ತರಗತಿಗಳು ಕಮ್ಮಿ. ಮುಂದೆ 1990ರ ದಶಕದಲ್ಲಿ ಇದೇ 70, 20, 10 ಅನ್ನುವ ದುಂಡು ಅಂಕಿಗಳಾಗಿ ಓಡಾಡತೊಡಗಿತು.

ಗಮನಿಸಿ, ಅವರು ಕೇಳಿದ್ದು ಗೆದ್ದವರನ್ನು. ಅದೇ ನೀರಿಗೆ ಬಿದ್ದು ಮುಳುಗಿದವರ ಮಾತು ಆ ಲೆಕ್ಕದಲ್ಲಿ ಇಲ್ಲ. ಜೊತೆಗೆ ಇದು ನೆನಪಿನಿಂದ ಹೇಳಿದ್ದು, ಅಳೆದು ನೋಡಿದ್ದಲ್ಲ. ಹಾಗಂತ ಅದನ್ನು ಸುಳ್ಳು ಅನ್ನಲಾರೆ. ಕಷ್ಟದ ಕೆಲಸ ಮಾಡದೆ ಯಾರೂ ಕೆಲಸಗಾರ ಆಗಿಲ್ಲ. ಆದರೆ 'ಕೆಲಸದಿಂದ ಕಲಿಯುತ್ತಾರೆ' ಅನ್ನುವುದಕ್ಕೂ 'ಕೆಲಸ ಕೊಟ್ಟರೆ ಕಲಿತುಬಿಡುತ್ತಾರೆ' ಅನ್ನುವುದಕ್ಕೂ ತುಂಬಾ ದೂರ ಇದೆ. ನಿಮ್ಮ ಮ್ಯಾನೇಜರ್ ಮೊದಲನೆಯದನ್ನು ಕೇಳಿಸಿಕೊಂಡು ಎರಡನೆಯದನ್ನು ನಂಬಿದ್ದಾರೆ.

ಕಷ್ಟ ಯಾಕೆ ಕಲಿಸುತ್ತದೆ? ಮನಶ್ಶಾಸ್ತ್ರಜ್ಞ ರಾಬರ್ಟ್ ಬ್ಯೋರ್ಕ್ ಇದರ ಬಗ್ಗೆ ತುಂಬಾ ಕೆಲಸ ಮಾಡಿದ್ದಾರೆ. ಸಲೀಸಾಗಿ ನಡೆಯುವ ಅಭ್ಯಾಸ 'ಬಂತು, ಬಂತು' ಅನ್ನಿಸುತ್ತದೆ, ಆದರೆ ಬೇಗ ಮರೆಯುತ್ತದೆ. ತಡವರಿಸಿ, ನೆನಪು ಕೆದಕಿ, ನಿಧಾನವಾಗಿ ಮಾಡಿದ್ದು ಆ ಹೊತ್ತಿಗೆ ಬೇಸರ ತರಿಸಿದರೂ ಉಳಿಯುತ್ತದೆ. ನಿಮ್ಮ ಕೋರ್ಸ್‌ಗಳು ಯಾಕೆ ತಲೆಯಲ್ಲಿ ನಿಲ್ಲಲಿಲ್ಲ ಅನ್ನುವುದಕ್ಕೆ ಒಂದು ಕಾರಣ ಇಲ್ಲಿದೆ. ವಿಡಿಯೋ ನೋಡುವಾಗ ಎಲ್ಲಾ ಅರ್ಥವಾಯ್ತು. ನೀವೇ ಏನನ್ನೂ ನೆನಪಿಗೆ ತಂದುಕೊಳ್ಳಬೇಕಾಗಲಿಲ್ಲ.

ಆದರೆ ಅದೇ ಬ್ಯೋರ್ಕ್ ಹೇಳುವ ಇನ್ನೊಂದು ಮಾತನ್ನು ಜನ ಬಿಟ್ಟುಬಿಡುತ್ತಾರೆ. ಒದ್ದಾಡಿ ದಾಟಬಹುದಾದ ಕಷ್ಟ ಮಾತ್ರ ಪ್ರಯೋಜನಕ್ಕೆ ಬರುತ್ತದೆ. ದಾಟುವುದಕ್ಕೆ ಬೇಕಾದ ಬಂಡವಾಳವೇ ಇಲ್ಲದಿದ್ದರೆ ಅದು ಬರೀ ಕಷ್ಟ. ಜಾನ್ ಸ್ವೆಲರ್ ಅನ್ನುವವರು 1980ರ ದಶಕದಲ್ಲಿ ಗಣಿತದ ಲೆಕ್ಕಗಳನ್ನು ಇಟ್ಟುಕೊಂಡು ಇದನ್ನು ತೋರಿಸಿದರು. ತೀರಾ ಹೊಸಬರಿಗೆ ಲೆಕ್ಕ ಕೊಟ್ಟು ನೀನೇ ಬಿಡಿಸು ಅಂದರೆ ಅವರ ಗಮನವೆಲ್ಲ ಹೇಗಾದರೂ ಉತ್ತರ ಹುಡುಕುವುದರಲ್ಲೇ ಖರ್ಚಾಗುತ್ತದೆ. ಕಲಿಯಲು ತಲೆಯಲ್ಲಿ ಜಾಗ ಉಳಿಯುವುದಿಲ್ಲ. ಬಿಡಿಸಿದ ಲೆಕ್ಕಗಳನ್ನು ಮೊದಲು ಓದಿದವರೇ ಚೆನ್ನಾಗಿ ಕಲಿತರು. ಆದ್ದರಿಂದ ಕೆಲಸ ಶುರು ಮಾಡುವ ಮೊದಲು, ಇಂಥ ಬದಲಾವಣೆ ಮುಗಿಸಿದ ಗೋಡೌನ್ ಒಂದನ್ನು ನೋಡಿ ಬನ್ನಿ. ನಿಮ್ಮ ಕಂಪನಿಯದೇ ಇನ್ನೊಂದು ಶಾಖೆ ಆಗಬಹುದು, ಸಾಫ್ಟ್‌ವೇರ್ ಕೊಟ್ಟವರ ಬೇರೆ ಗಿರಾಕಿ ಆಗಬಹುದು. ಅವರು ಮೊದಲ ವಾರ ಏನು ಮಾಡಿದರು, ಎಲ್ಲಿ ಸಿಕ್ಕಿಹಾಕಿಕೊಂಡರು ಅಂತ ಕೇಳಿ. ಇದು ಕಾಪಿ ಹೊಡೆಯುವುದು ಅಂತ ಸಂಕೋಚ ಪಡಬೇಡಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 2009ರಲ್ಲಿ ಸ್ಕಾಟ್ ಡೆರೂ ಮತ್ತು ನೆಡ್ ವೆಲ್‌ಮನ್ ಅನ್ನುವ ಇಬ್ಬರು ಸಂಶೋಧಕರು ಕೆಲಸದ ಸವಾಲು ಮತ್ತು ಕಲಿಕೆಯ ನಂಟನ್ನು ಪರೀಕ್ಷಿಸಿದರು. ಸವಾಲು ಹೆಚ್ಚಿದಂತೆ ಕಲಿಕೆ ಹೆಚ್ಚುತ್ತಾ ಹೋಯಿತು, ಆದರೆ ಒಂದು ಹಂತದ ತನಕ ಮಾತ್ರ. ಆಮೇಲೆ ಸವಾಲು ಏರಿದರೂ ಅದರಿಂದ ಸಿಗುವ ಲಾಭ ಕುಗ್ಗಿತು. ಮಾಡಿದ್ದು ಹೇಗಿತ್ತು ಅಂತ ಹೇಳುವವರು ಸುತ್ತ ಇದ್ದಾಗ ಮಾತ್ರ ಈ ಕುಸಿತ ಕಾಣಲಿಲ್ಲ. ಕೆಲಸದಲ್ಲಿ ಕಲಿಯುವವರಿಗೆ ಇದಕ್ಕಿಂತ ಉಪಯೋಗದ ಸಂಶೋಧನೆ ನನಗೆ ಗೊತ್ತಿಲ್ಲ. ನಿಮ್ಮ ಕೆಲಸ ಎಷ್ಟು ಕಷ್ಟ ಅನ್ನುವುದನ್ನು ನೀವು ಬದಲಾಯಿಸಲಾರಿರಿ. ಫೀಡ್‌ಬ್ಯಾಕ್ ಎಷ್ಟು ಬೇಗ ಬರಬೇಕು ಅನ್ನುವುದು ಬಹುಪಾಲು ನಿಮ್ಮ ಕೈಯಲ್ಲೇ ಇದೆ.

ಹೇಗೆ ಅಂತ ನಿಮ್ಮ ಗೋಡೌನ್‌ನಲ್ಲೇ ನೋಡೋಣ. ಹಳೇ ಸಾಫ್ಟ್‌ವೇರ್‌ನಲ್ಲಿ ಒಂದು ಬೋಲ್ಟ್‌ನ ಸ್ಟಾಕ್ 12 ಅಂತ ಇದೆ. ಅದು 12 ಬಾಕ್ಸ್. ಒಂದು ಬಾಕ್ಸ್‌ಗೆ 100. ಹೊಸ ಸಾಫ್ಟ್‌ವೇರ್‌ನಲ್ಲಿ ಯೂನಿಟ್ ಅಂದರೆ ಬಿಡಿ ಪೀಸ್. ಯಾರೋ 12 ಅಂತಲೇ ಏರಿಸಿದರು. ಸ್ಕ್ರೀನ್ ಮೇಲೆ 12 ಬೋಲ್ಟ್, ರ್ಯಾಕ್‌ನಲ್ಲಿ 1,200. ಸಾಫ್ಟ್‌ವೇರ್ ಸ್ಟಾಕ್ ಕಮ್ಮಿ ಅಂತ ತೋರಿಸುತ್ತದೆ, ಖರೀದಿ ವಿಭಾಗ ಆರ್ಡರ್ ಹಾಕುತ್ತದೆ, ಬೇಡದ ಮಾಲು ಕೆಲವು ವಾರ ಬಿಟ್ಟು ಬಂದು ಬೀಳುತ್ತದೆ. ಅಷ್ಟೊತ್ತಿಗೆ ಏರಿಸಿದವರಿಗೆ ಆ ಎಂಟ್ರಿಯ ನೆನಪೇ ಇರುವುದಿಲ್ಲ. ಬೈಗುಳ ತಿನ್ನುತ್ತಾರೆ. ಕಲಿಯುವುದೇನೂ ಇಲ್ಲ.

ಅದೇ ಎಂಟ್ರಿಯನ್ನು ಮರುದಿನ ಬೆಳಿಗ್ಗೆ ರ್ಯಾಕ್ ಮುಂದೆ ನಿಂತು ಎಣಿಸಿ ನೋಡಿದ್ದರೆ? ತಪ್ಪು ಆಗಲೇ ಸಿಗುತ್ತಿತ್ತು. ಅಷ್ಟೇ ಅಲ್ಲ, ಬಾಕ್ಸ್ ಲೆಕ್ಕದಲ್ಲಿರುವ ಐಟಂ ಇನ್ನೂ ಯಾವುದೆಲ್ಲ ಇರಬಹುದು ಅನ್ನುವ ಪ್ರಶ್ನೆ ತಲೆಗೆ ಬರುತ್ತಿತ್ತು. ಆ ಪ್ರಶ್ನೆ ಹುಟ್ಟಿತು ಅಂದರೆ ನೀವು ಕಲಿತಿರಿ ಅಂತಲೇ ಅರ್ಥ. ಮುಂದಿನ ಸಲ ಯಾವುದೇ ಪಟ್ಟಿ ಕೈಗೆ ಬಂದರೂ ನಿಮ್ಮ ಕಣ್ಣು ತಾನಾಗೇ ಯೂನಿಟ್ ಕಾಲಂ ಹುಡುಕುತ್ತದೆ. ಅನುಭವಸ್ಥರು 'ಯಾಕೋ ಇದು ಸರಿ ಇಲ್ಲ ಅನ್ನಿಸ್ತು' ಅನ್ನುತ್ತಾರಲ್ಲ, ಅದು ಹೀಗೇ ಬೆಳೆಯುವುದು. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಗ್ಯಾರಿ ಕ್ಲೈನ್ ಅಂಥ ಒಳಅರಿವನ್ನು ಎಷ್ಟು ನಂಬಬೇಕು ಅನ್ನುವ ವಿಷಯದಲ್ಲಿ ಎದುರು ಬದುರು ಪಾಳಯದವರು. ಅವರಿಬ್ಬರೂ ಸೇರಿ 2009ರಲ್ಲಿ ಬರೆದ ಲೇಖನದಲ್ಲಿ ಒಪ್ಪಿಕೊಂಡದ್ದು ಇದನ್ನೇ: ಕೆಲಸದಲ್ಲಿ ಒಂದು ಕ್ರಮ ಇರಬೇಕು, ಆ ಕ್ರಮವನ್ನು ಗುರುತಿಸಲು ಬೇಕಾದಷ್ಟು ಅಭ್ಯಾಸ ಮತ್ತು ಬೇಗ ಬರುವ, ಸ್ಪಷ್ಟವಾದ ಫೀಡ್‌ಬ್ಯಾಕ್ ಸಿಗಬೇಕು. ಇವಿಲ್ಲದೆ ಎಷ್ಟು ವರ್ಷ ಕೆಲಸ ಮಾಡಿದರೂ ಹೆಚ್ಚುವುದು ಧೈರ್ಯ, ತಿಳಿವಳಿಕೆ ಅಲ್ಲ.

ಹಾಗಾಗಿ ನಿಮಗೆ ಒಂದು ಅಭ್ಯಾಸ ಹೇಳುತ್ತೇನೆ. ಎಣಿಕೆಗೆ ಹೋಗುವ ಮೊದಲು, ಎಣಿಸಬೇಕಾದ ಐಟಂಗಳ ಎದುರು ಎಷ್ಟು ವ್ಯತ್ಯಾಸ ಬರಬಹುದು, ಯಾಕೆ ಅಂತ ಪೆನ್ನಲ್ಲಿ ಬರೆಯಿರಿ. 'ಗ್ಯಾಸ್ಕೆಟ್: ಎರಡೋ ಮೂರೋ ಕಮ್ಮಿ ಬರಬಹುದು. ಡ್ಯಾಮೇಜ್ ಆದದ್ದನ್ನು ತಡವಾಗಿ ಬರೆಯುತ್ತಾರೆ.' ಆಮೇಲೆ ಎಣಿಸಿ. ನಲವತ್ತು ಕಮ್ಮಿ ಬಂತು ಅನ್ನಿ. ಹುಡುಕುತ್ತಾ ಹೋದರೆ ಒಂದೇ ಗ್ಯಾಸ್ಕೆಟ್‌ಗೆ ಎರಡು ಐಟಂ ಕೋಡ್ ಇದೆ, ಬಂದ ಮಾಲು ಒಂದರಲ್ಲಿ ಏರುತ್ತಿದೆ, ಹೋದ ಮಾಲು ಇನ್ನೊಂದರಲ್ಲಿ ಇಳಿಯುತ್ತಿದೆ ಅಂತ ಗೊತ್ತಾಗುತ್ತದೆ. ಮೊದಲೇ ಬರೆದಿಡದೆ ಇದ್ದಿದ್ದರೆ, ವ್ಯತ್ಯಾಸ ನೋಡಿದ ಮೇಲೆ 'ಹೌದು, ನನಗೆ ಅನುಮಾನ ಇತ್ತು' ಅಂತ ಮನಸ್ಸು ಸುಮ್ನೆ ಹೇಳಿಬಿಡುತ್ತದೆ. ಬರೆದದ್ದು ಎದುರಿಗಿದ್ದರೆ ಹಾಗೆ ಹೇಳಲು ಆಗುವುದಿಲ್ಲ. ನಿಮ್ಮ ತಿಳಿವಳಿಕೆ ಎಲ್ಲಿ ಪೊಳ್ಳು ಅನ್ನುವುದು ಆ ಹಾಳೆಯಲ್ಲೇ ಕಾಣುತ್ತದೆ. ದಿನಕ್ಕೆ ಹತ್ತೇ ಐಟಂ ಆದರೂ ಸಾಕು, ಆದರೆ ಬಿಡದೆ ಮಾಡಿ.

ಎಣಿಕೆ ಹೇಳದ ವಿಷಯಗಳೂ ಇವೆ. ಜನರ ಜೊತೆ ಹೇಗೆ ಮಾತಾಡಿದಿರಿ, ಯಾವುದನ್ನು ಮೊದಲು ಮಾಡಬೇಕಿತ್ತು, ಸಾಫ್ಟ್‌ವೇರ್‌ನವರು ಹೇಳಿದ್ದಕ್ಕೆಲ್ಲ ತಲೆ ಆಡಿಸಿದಿರಾ. ಇದಕ್ಕೆ ಮನುಷ್ಯರೇ ಬೇಕು. ಈ ಕೆಲಸ ಮೊದಲು ಮಾಡಿದ ಒಬ್ಬರು ವಾರಕ್ಕೆ ಅರ್ಧ ಗಂಟೆ ನಿಮ್ಮ ಜೊತೆ ಕೂರಬೇಕು ಅಂತ ಕೇಳಿ. ಹೀಗೆ ಕೇಳಬಹುದು: 'ಸರ್, ಜವಾಬ್ದಾರಿ ತಗೋತೀನಿ. ಆದರೆ ನಾನು ಎಲ್ಲಿ ಎಡವುತ್ತಿದ್ದೀನಿ ಅಂತ ನನಗೇ ಗೊತ್ತಾಗಲ್ಲ. ವಾರಕ್ಕೆ ಒಂದು ಸಲ ನೋಡಿ ಹೇಳೋರು ಒಬ್ಬರು ಬೇಕು.' ಇದರಲ್ಲಿ ಸಣ್ಣತನ ಏನೂ ಇಲ್ಲ. ಒಳ್ಳೆಯ ಮ್ಯಾನೇಜರ್‌ಗೆ ಇದು ಭರವಸೆ ಕೊಡುವ ಮಾತು.

'ನೀರಿಗೆ ಬಿದ್ದರೆ ಈಜು ಬರುತ್ತೆ' ಅನ್ನುವವರಿಗೆ ಒಂದು ಹಳೆಯ ಉದಾಹರಣೆ ತೋರಿಸಬಹುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಯಂತ್ರ ಮುಟ್ಟಿರದ ಜನ ದಂಡಿಯಾಗಿ ಸೇರಿದರು. ಅವರಿಗೆ ಕೆಲಸ ಕಲಿಸಲು 1940ರಲ್ಲಿ ಟ್ರೇನಿಂಗ್ ವಿತಿನ್ ಇಂಡಸ್ಟ್ರಿ ಅನ್ನುವ ಸರ್ಕಾರಿ ವ್ಯವಸ್ಥೆ ಶುರುವಾಯಿತು. ಮೇಲ್ವಿಚಾರಕರಿಗೆ ಅದು ಹೇಳಿಕೊಟ್ಟ ಕ್ರಮ ಸರಳ. ಕಲಿಯುವವರನ್ನು ತಯಾರು ಮಾಡು, ಮಾಡಿ ತೋರಿಸು, ಅವರ ಕೈಯಲ್ಲಿ ಮಾಡಿಸು, ಆಮೇಲೆ ಬೆನ್ನಿಗಿರು. ಆ ಕೊನೆಯ ಹಂತದಲ್ಲಿ ಅವರನ್ನು ಸ್ವಂತ ಕೆಲಸಕ್ಕೆ ಬಿಡಬೇಕು, ಆದರೆ ತೊಂದರೆ ಬಂದರೆ ಯಾರ ಹತ್ತಿರ ಹೋಗಬೇಕು ಅಂತ ಹೇಳಿರಬೇಕು. ಮೊದಮೊದಲು ಆಗಾಗ ಹೋಗಿ ನೋಡಬೇಕು, ಬರುಬರುತ್ತಾ ಕಮ್ಮಿ ಮಾಡಬೇಕು. ಯುದ್ಧದ ಅವಸರದಲ್ಲೂ ಅವರು ಜನರನ್ನು ಸುಮ್ನೆ ನೀರಿಗೆ ತಳ್ಳಲಿಲ್ಲ.

ನಷ್ಟಕ್ಕೆ ಒಂದು ಗಡಿ ಇರಬೇಕು ಅನ್ನುವುದನ್ನೂ ಮಾತಾಡಿ. ಇಡೀ ಗೋಡೌನ್ ಒಂದೇ ದಿನ ಹೊಸದಕ್ಕೆ ಹೋಗುವುದು ಬೇಡ. ಒಂದು ವಿಭಾಗ ಮೊದಲು. ಅದರಲ್ಲೂ ಕೆಲವು ವಾರ ಹಳೇ ಲೆಕ್ಕ, ಹೊಸ ಲೆಕ್ಕ ಎರಡೂ ಓಡಲಿ. ಡಬಲ್ ಕೆಲಸ ಅಂತ ಎಲ್ಲರೂ ಗೊಣಗುತ್ತಾರೆ. ನಿಜಕ್ಕೂ ಡಬಲ್ ಕೆಲಸವೇ. ಆದರೆ ನಿಮಗೆ ಅದರಿಂದ ಎರಡು ಲಾಭ. ತಪ್ಪಾದರೆ ಗಿರಾಕಿಯ ಮಾಲು ನಿಲ್ಲುವುದಿಲ್ಲ. ಮತ್ತೆ, ಮೊದಲ ವಿಭಾಗದಲ್ಲಿ ಕಲಿತದ್ದನ್ನು ಎರಡನೆಯದರಲ್ಲಿ ಮಾಡಿ ನೋಡುವ ಅವಕಾಶ ಸಿಗುತ್ತದೆ. ಎರಡನೇ ಸಲ ಮಾಡದೆ ಕಲಿಕೆ ಪೂರ್ತಿ ಆಗುವುದಿಲ್ಲ. ಕಲಿಕೆಯ ಬಗ್ಗೆ ಸಂಶೋಧನೆ ಮಾಡಿದ ಡೇವಿಡ್ ಕೋಲ್ಬ್ 1984ರಲ್ಲಿ ಅನುಭವದ ಕಲಿಕೆಯನ್ನು ಒಂದು ಚಕ್ರದ ಹಾಗೆ ವಿವರಿಸಿದರು: ಮಾಡುವುದು, ಹಿಂತಿರುಗಿ ನೋಡುವುದು, ಅದರಿಂದ ಒಂದು ತಿಳಿವಳಿಕೆ ಕಟ್ಟಿಕೊಳ್ಳುವುದು, ಅದನ್ನು ಮತ್ತೆ ಮಾಡಿ ಪರೀಕ್ಷಿಸುವುದು. ನಮ್ಮ ಕಂಪನಿಗಳಲ್ಲಿ ಮೊದಲನೆಯದು ಮುಗಿದ ಕೂಡಲೇ ಮುಂದಿನ ಪ್ರಾಜೆಕ್ಟ್ ಬಂದು ಕೂರುತ್ತದೆ. ಇದು ನನಗೆ ನಿಜವಾಗಲೂ ಬೇಸರ ತರುವ ಸಂಗತಿ. ಅಷ್ಟು ದುಡಿದ ಜನ ತಮ್ಮ ದುಡಿಮೆಯ ಫಲವನ್ನು ಅಲ್ಲೇ ಬಿಟ್ಟು ಹೋಗುತ್ತಾರೆ.

ಹಿಂತಿರುಗಿ ನೋಡುವುದಕ್ಕೆ ದೊಡ್ಡ ಮೀಟಿಂಗ್ ಬೇಡ. ಅಮೆರಿಕದ ಸೇನೆಯಲ್ಲಿ ತರಬೇತಿ ಕಾದಾಟ ಮುಗಿದ ಕೂಡಲೇ ಎಲ್ಲರೂ ಕೂತು ಮಾತಾಡುವ ರೂಢಿ ಇದೆ. ಏನಾಗಬೇಕಿತ್ತು, ಏನಾಯಿತು, ಯಾಕೆ ಹಾಗಾಯಿತು, ಮುಂದಿನ ಸಲ ಏನು ಮಾಡೋಣ. ಅಲ್ಲಿ ಸಿಪಾಯಿಯೂ ಅಧಿಕಾರಿಯ ತಪ್ಪು ಹೇಳಬಹುದು. ನೀವು ಶನಿವಾರ ಸಂಜೆ ಲೋಡಿಂಗ್ ಹುಡುಗರ ಜೊತೆ ಹತ್ತು ನಿಮಿಷ ಇದನ್ನೇ ಮಾಡಿ.

ಆ ಹುಡುಗರ ವಿಷಯ ಬಂತಲ್ಲ, ಅದನ್ನೂ ಹೇಳಬೇಕು. ನಿಮ್ಮ ಭಯದ ಬಗ್ಗೆ ಬರೆದಿದ್ದೀರಿ. ಅವರಿಗೂ ಭಯ ಇದೆ. ಹೊಸ ಸಾಫ್ಟ್‌ವೇರ್‌ನಲ್ಲಿ ತಪ್ಪು ಮಾಡಿದರೆ ಯಾರಿಗೂ ಹೇಳದೆ ಮುಚ್ಚಿಡೋಣ ಅನ್ನಿಸುವುದು ಸಹಜ. ಏಮಿ ಎಡ್ಮಂಡ್‌ಸನ್ ಅನ್ನುವ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಮ್ಮಿ ಇರುತ್ತದೆ ಅಂದುಕೊಂಡಿದ್ದರು. ಅಂಕಿಗಳು ಉಲ್ಟಾ ಬಂದವು. ಒಳ್ಳೆಯ ತಂಡಗಳಲ್ಲೇ ಜಾಸ್ತಿ ತಪ್ಪು ದಾಖಲಾಗಿದ್ದವು. ಕೆದಕಿ ನೋಡಿದಾಗ ಕಂಡದ್ದು, ಆ ತಂಡಗಳಲ್ಲಿ ತಪ್ಪನ್ನು ಬಾಯಿಬಿಟ್ಟು ಹೇಳಲು ಜನ ಹೆದರುತ್ತಿರಲಿಲ್ಲ. ಉಳಿದ ಕಡೆ ಮುಚ್ಚಿಡುತ್ತಿದ್ದರು. ಮೊದಲ ತಿಂಗಳು ನಿಮ್ಮ ಗೋಡೌನ್‌ನಲ್ಲಿ ಒಬ್ಬರೂ ತಪ್ಪು ಹೇಳಿಕೊಂಡು ಬರಲಿಲ್ಲ ಅಂದರೆ ಖುಷಿ ಪಡಬೇಡಿ, ಹುಷಾರಾಗಿ. ಮೊದಲು ಬಂದು ಹೇಳಿದವನಿಗೆ ನೀವು ಹೇಗೆ ಉತ್ತರ ಕೊಡುತ್ತೀರಿ ಅನ್ನುವುದನ್ನು ಉಳಿದವರೆಲ್ಲ ನೋಡುತ್ತಿರುತ್ತಾರೆ. 'ಒಳ್ಳೇದಾಯ್ತು ಹೇಳಿದ್ದು, ಎಲ್ಲಿ ತೋರಿಸು' ಅಂದರೆ ಎರಡನೆಯವನೂ ಬರುತ್ತಾನೆ. ಗೋಡೌನ್‌ನ ಹಳಬರನ್ನಂತೂ ಹತ್ತಿರ ಇಟ್ಟುಕೊಳ್ಳಿ. ಯಾವ ಕೋಡ್ ಯಾವುದರ ಬದಲಿಗೆ ಬಂತು ಅನ್ನುವುದು ಸಾಫ್ಟ್‌ವೇರ್‌ನಲ್ಲಿ ಇರುವುದಿಲ್ಲ, ಅವರ ತಲೆಯಲ್ಲಿ ಇರುತ್ತದೆ.

ಕೋರ್ಸ್‌ಗಳು ದಂಡ ಅಂತ ತೀರ್ಮಾನ ಮಾಡಬೇಡಿ. ಅವನ್ನು ಮಾಡುವ ಸಮಯ ಬದಲಾಯಿಸಿ. ಹೊಸ ಸಾಫ್ಟ್‌ವೇರ್‌ನ ತರಬೇತಿಯನ್ನು ಕೆಲಸ ಶುರುವಾಗುವ ಮುಂಚೆ ಒಟ್ಟಿಗೆ ಮುಗಿಸಿಬಿಡುವುದೇ ರೂಢಿ. ಸ್ವಲ್ಪ ಮೊದಲು ಮಾಡಿ, ಉಳಿದದ್ದನ್ನು ಮೊದಲ ವಿಭಾಗ ಬದಲಾದ ಮೇಲೆ ಇಡಿಸಿ. ಆಗ ನಿಮ್ಮ ಕೈಯಲ್ಲಿ ನಿಜವಾದ ಪ್ರಶ್ನೆಗಳು ಇರುತ್ತವೆ. ಹಾಗೇ, ಬೇರೆ ಶಾಖೆಯಲ್ಲಿ ಇದೇ ಕೆಲಸ ಮಾಡುತ್ತಿರುವವರು ಇದ್ದರೆ ಫೋನ್‌ನಲ್ಲಾದರೂ ಒಂದು ಗುಂಪು ಮಾಡಿಕೊಳ್ಳಿ. ಬ್ರಿಟನ್ನಿನ ರೆಗ್ ರೆವನ್ಸ್ ಎರಡನೇ ಮಹಾಯುದ್ಧ ಮುಗಿದ ಮೇಲೆ ಕಲ್ಲಿದ್ದಲು ಗಣಿಗಳ ಮ್ಯಾನೇಜರ್‌ಗಳನ್ನು ಹೀಗೇ ಸಣ್ಣ ಗುಂಪುಗಳಲ್ಲಿ ಕೂರಿಸುತ್ತಿದ್ದರು. ಉಪನ್ಯಾಸ ಇಲ್ಲ. ಒಬ್ಬರು ತಮ್ಮ ಗಣಿಯ ತೊಡಕು ಹೇಳಬೇಕು, ಉಳಿದವರು ಪ್ರಶ್ನೆ ಕೇಳಬೇಕು.

ಯಾವಾಗ ಬೇಡ ಅನ್ನಬೇಕು? ನಿಮ್ಮ ಈಗಿನ ಕೆಲಸದಲ್ಲಿ ಒಂದಿಷ್ಟೂ ಇಳಿಸದೆ ಇದನ್ನು ಅದರ ಮೇಲೆ ಹೇರುತ್ತಿದ್ದರೆ, ನೋಡಿ ಹೇಳುವವರು ಯಾರೂ ಇಲ್ಲ ಅಂದರೆ, ತಪ್ಪಾದರೆ ನಿನ್ನ ತಲೆಗೆ ಅಂತ ಮೊದಲೇ ಹೇಳಿದರೆ. ಅದು ಕಲಿಯುವ ಅವಕಾಶ ಅಲ್ಲ, ಜನ ಸಾಲದೆ ನಿಮ್ಮ ಮೇಲೆ ಹಾಕಿದ ಹೊರೆ. ಆಗಲೂ ಪೂರ್ತಿ ಬೇಡ ಅನ್ನುವ ಅಗತ್ಯ ಇಲ್ಲ. 'ಐಟಂ ಪಟ್ಟಿ ಸರಿ ಮಾಡುವುದು ಮತ್ತು ಮೊದಲ ವಿಭಾಗದ ಬದಲಾವಣೆ, ಇಷ್ಟು ನಾನು ಮಾಡ್ತೀನಿ. ಅದು ಹೇಗಾಯ್ತು ಅಂತ ನೋಡಿ ಮುಂದಿನದು ಮಾತಾಡೋಣ' ಅನ್ನಿ. ನೀವು ಹೆದರಿ ಹಿಂದೆ ಸರಿದಿರಿ ಅಂತ ಯಾರೂ ಹೇಳುವ ಹಾಗಿಲ್ಲ.

ಈ ವಾರವೇ ಮಾಡಬಹುದಾದ ಕೆಲಸ ಒಂದಿದೆ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಹಳೇ ಸಾಫ್ಟ್‌ವೇರ್‌ನಿಂದ ಜಾಸ್ತಿ ಓಡಾಡುವ ಐವತ್ತು ಐಟಂಗಳ ಪಟ್ಟಿ ತೆಗೆಯಿರಿ. ಪ್ರತಿಯೊಂದರ ಯೂನಿಟ್ ಏನು, ಎರಡನೇ ಕೋಡ್ ಇದೆಯಾ ಅಂತ ಗುರುತು ಮಾಡಿ. ನಿಮ್ಮ ಅಂದಾಜು ಬರೆದು, ರ್ಯಾಕ್‌ಗೆ ಹೋಗಿ ಎಣಿಸಿ. ಎಷ್ಟು ಕಡೆ ಟ್ಯಾಲಿ ಆಗಲಿಲ್ಲ ಅನ್ನುವುದು ಗೊತ್ತಾದರೆ ಆರು ತಿಂಗಳು ಸಾಕಾ, ಸಾಲದಾ ಅನ್ನುವುದೂ ತಿಳಿಯುತ್ತದೆ. ಮ್ಯಾನೇಜರ್ ಹತ್ತಿರ ಮಾತಿಗೆ ಹೋಗುವಾಗ ಆ ಹಾಳೆ ತೆಗೆದುಕೊಂಡು ಹೋಗಿ.